ಹಲವು ಡೊಮೇನ್‌ಗಳಿಗೆ ಒಂದೇ ಆಟೋರೆಸ್ಪಾಂಡರ್: ಸ್ವಂತ ಸರ್ವರ್‌ನಲ್ಲಿ ನಡೆಸುವ ಕ್ರಮ

ಮೂರು ನಾಲ್ಕು ವೆಬ್‌ಸೈಟ್‌ಗಳನ್ನು ನಡೆಸುವವರು ಪ್ರತಿಯೊಂದಕ್ಕೂ ಬೇರೆ ಬೇರೆ ಇಮೇಲ್ ಸೇವೆಗೆ ತಿಂಗಳ ಶುಲ್ಕ ಕಟ್ಟುವ ಬದಲು, ಒಂದೇ ಆಟೋರೆಸ್ಪಾಂಡರ್ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡು ಎಲ್ಲ ಸೈಟ್‌ಗಳಿಗೂ ಬಳಸಲು ಖಂಡಿತ ಸಾಧ್ಯ. ತಂತ್ರಾಂಶವನ್ನು ಹಾಕುವ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಅದರ ನಂತರ. ತೋಟಗಾರಿಕೆಯ ಸೈಟಿನಲ್ಲಿ ವಿಳಾಸ ಕೊಟ್ಟವರಿಗೆ ಕ್ಯಾಮೆರಾ ಸೈಟಿನ ಹೆಸರಿನಲ್ಲಿ ಮೇಲ್ ಬಂದರೆ ಅವರು ಅದನ್ನು ಸ್ಪ್ಯಾಮ್ ಎಂದು ಗುರುತು ಮಾಡುತ್ತಾರೆ. ಹಾಗೆ ಮಾಡಲು ಅವರಿಗೆ ಪೂರ್ಣ ಹಕ್ಕಿದೆ. ಸರ್ವರ್, ಡೇಟಾಬೇಸ್ ಮತ್ತು ತಂತ್ರಾಂಶ ಎಲ್ಲ ಡೊಮೇನ್‌ಗಳಿಗೂ ಒಂದೇ ಇರಬಹುದು, ಆದರೆ ಕಳುಹಿಸುವವರ ವಿಳಾಸ, ಡಿಜಿಟಲ್ ಸಹಿ, ಬೌನ್ಸ್ (ತಲುಪದೆ ಹಿಂದಿರುಗಿದ ಮೇಲ್) ಮರಳುವ ವಿಳಾಸ, ಮೇಲ್‌ನೊಳಗಿನ ಲಿಂಕ್‌ಗಳು ಮತ್ತು ಚಂದಾ ರದ್ದತಿಯ ಪುಟ ಈ ಐದೂ ಆಯಾ ಡೊಮೇನ್‌ನದೇ ಆಗಿರಬೇಕು. ಮುಂದಿನ ವಿವರಗಳೆಲ್ಲ ಈ ಐದನ್ನು ಬೇರೆಯಾಗಿಟ್ಟುಕೊಳ್ಳುವುದಕ್ಕೆ ಸಂಬಂಧಿಸಿದವು.

ಆಟೋರೆಸ್ಪಾಂಡರ್ ಎಂಬ ಪದಕ್ಕೆ ಎರಡು ಅರ್ಥಗಳಿರುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು, ಚಂದಾದಾರರಾದವರಿಗೆ ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ ಎಂದು ತಾನಾಗಿಯೇ ಹೋಗುವ ಮೇಲ್ ಸರಣಿ. ಇನ್ನೊಂದು, ಯಾರಾದರೂ ಮೇಲ್ ಬರೆದಾಗ “ನಿಮ್ಮ ಪತ್ರ ತಲುಪಿದೆ” ಎಂದು ತಕ್ಷಣ ಹೋಗುವ ಉತ್ತರ. ಈ ಬರಹದ ಹೆಚ್ಚಿನ ಭಾಗ ಮೊದಲನೆಯದರ ಬಗ್ಗೆ ಇದೆ. ಎರಡನೆಯದರಲ್ಲಿರುವ ಒಂದು ಅಪಾಯವನ್ನು ಕೊನೆಯ ಕಡೆ ಪ್ರಸ್ತಾಪಿಸಿದ್ದೇನೆ.

ತಂತ್ರಾಂಶದ ಆಯ್ಕೆ ಮತ್ತು ಪರವಾನಗಿ

ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲಿ “ಒಂದು ಡೊಮೇನ್‌ಗೆ ಪರವಾನಗಿ” ಎಂದು ಬರೆದಿದ್ದರೆ, ಸಾಮಾನ್ಯವಾಗಿ ಅದು ತಂತ್ರಾಂಶವನ್ನು ಸ್ಥಾಪಿಸಿದ ವಿಳಾಸಕ್ಕೆ ಸಂಬಂಧಿಸಿದ ಮಾತು. ಎಷ್ಟು ಡೊಮೇನ್‌ಗಳ ಹೆಸರಿನಲ್ಲಿ ಮೇಲ್ ಕಳುಹಿಸಬಹುದು ಎಂಬುದು ಬೇರೆ ಪ್ರಶ್ನೆ. ಇವೆರಡನ್ನೂ ಪರವಾನಗಿ ಪತ್ರದಲ್ಲಿ ಪ್ರತ್ಯೇಕವಾಗಿ ಓದಿ, ಸ್ಪಷ್ಟವಿಲ್ಲದಿದ್ದರೆ ಮಾರುವವರಿಂದ ಬರಹದಲ್ಲಿ ಉತ್ತರ ಪಡೆದುಕೊಳ್ಳಬೇಕು. ಮುಕ್ತ ತಂತ್ರಾಂಶಗಳಲ್ಲಿ ಈ ತೊಡಕಿಲ್ಲ. ಲಿಸ್ಟ್‌ಮಾಂಕ್ ಮತ್ತು ಪಿಎಚ್‌ಪಿಲಿಸ್ಟ್ ಎಜಿಪಿಎಲ್ ಪರವಾನಗಿಯಲ್ಲಿಯೂ, ಮಾಟಿಕ್ ಜಿಪಿಎಲ್ ಪರವಾನಗಿಯಲ್ಲಿಯೂ ದೊರೆಯುತ್ತವೆ.

ಆದರೆ ಇವು ಒಂದೇ ಕೆಲಸಕ್ಕೆ ಹುಟ್ಟಿದವುಗಳಲ್ಲ. ಲಿಸ್ಟ್‌ಮಾಂಕ್ ಗೋ ಭಾಷೆಯಲ್ಲಿ ಬರೆದ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೇಲೆ ನಡೆಯುವ ಹಗುರವಾದ ತಂತ್ರಾಂಶ; ದೊಡ್ಡ ಪಟ್ಟಿಗೆ ಒಂದೇ ಸಲ ಮೇಲ್ ಕಳುಹಿಸುವುದರಲ್ಲಿ ಅದರ ಬಲವಿದೆ, ದಿನಗಳ ಅಂತರದ ಸರಣಿ ಬೇಕಾದರೆ ಹೊರಗಿನಿಂದ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿ) ಮೂಲಕ ಅದನ್ನು ನಡೆಸಬೇಕಾಗುತ್ತದೆ. ಮಾಟಿಕ್ ಪಿಎಚ್‌ಪಿಯಲ್ಲಿದೆ, ಸರ್ವರ್‌ನ ಮೇಲೆ ಹೆಚ್ಚು ಭಾರ ಹಾಕುತ್ತದೆ, ಆದರೆ “ಮೂರು ದಿನ ಕಾಯಿ, ಲಿಂಕ್ ಒತ್ತಿದ್ದರೆ ಇದನ್ನು ಕಳುಹಿಸು, ಇಲ್ಲದಿದ್ದರೆ ಅದನ್ನು ಕಳುಹಿಸು” ಎಂಬಂಥ ಸರಣಿಯನ್ನು ತನ್ನೊಳಗೇ ಕಟ್ಟಲು ಬಿಡುತ್ತದೆ. ಯಾವುದನ್ನು ಆರಿಸಿದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಒಬ್ಬ ವ್ಯಕ್ತಿ ಎರಡು ಸೈಟ್‌ಗಳ ಚಂದಾದಾರನಾಗಿದ್ದು ಒಂದರಿಂದ ಹೊರನಡೆದರೆ ಏನಾಗುತ್ತದೆ? ಮಾಟಿಕ್‌ನಲ್ಲಿ ಒಂದು ಇಮೇಲ್ ವಿಳಾಸ ಒಬ್ಬ ಸಂಪರ್ಕವಾಗಿ ದಾಖಲಾಗುತ್ತದೆ. ಸಾಮಾನ್ಯ ರದ್ದತಿ ಲಿಂಕ್ ಒತ್ತಿದವರು ಇಮೇಲ್ ಮಾಧ್ಯಮದಿಂದಲೇ ಹೊರಗುಳಿಯುತ್ತಾರೆ, ಅಂದರೆ ತೋಟದ ಸೈಟನ್ನು ಬಿಟ್ಟವರಿಗೆ ಕ್ಯಾಮೆರಾ ಸೈಟಿನ ಪಾಠಗಳೂ ನಿಲ್ಲುತ್ತವೆ. ಪಟ್ಟಿವಾರು ರದ್ದತಿ ಬೇಕಿದ್ದರೆ ಆದ್ಯತೆಯ ಪುಟವನ್ನು ಹೊಂದಿಸಿಕೊಳ್ಳಬೇಕು. ಇದನ್ನು ಮೊದಲ ಚಂದಾದಾರ ಬರುವ ಮುಂಚೆಯೇ ಪರೀಕ್ಷಿಸಿ ತೀರ್ಮಾನಿಸಿ. ಸಾವಿರ ಜನ ಸೇರಿದ ಮೇಲೆ ಬದಲಾಯಿಸುವುದು ತೀರಾ ಕಷ್ಟ.

ಡೊಮೇನ್‌ಗಳ ಮಾಲೀಕರು ಬೇರೆ ಬೇರೆಯಾಗಿದ್ದರೆ, ಉದಾಹರಣೆಗೆ ಗ್ರಾಹಕರ ಸೈಟ್‌ಗಳನ್ನು ನೀವು ನೋಡಿಕೊಳ್ಳುತ್ತಿದ್ದರೆ, ನನ್ನ ಸಲಹೆ ನೇರವಾಗಿದೆ: ಒಬ್ಬೊಬ್ಬ ಮಾಲೀಕರಿಗೂ ಪ್ರತ್ಯೇಕ ಸ್ಥಾಪನೆ, ಪ್ರತ್ಯೇಕ ಡೇಟಾಬೇಸ್. ಜನರ ವಿಳಾಸಗಳ ಹೊಣೆ ಯಾರದು ಎಂಬ ಪ್ರಶ್ನೆ ಎದ್ದಾಗ ಒಂದೇ ಕೋಷ್ಟಕದಲ್ಲಿ ಬೆರೆತ ದಾಖಲೆಗಳನ್ನು ಬಿಡಿಸಿಕೊಡಲು ಆಗುವುದಿಲ್ಲ.

ಸರ್ವರ್ ಎಲ್ಲಿರಬೇಕು

ತಂತ್ರಾಂಶವನ್ನು ಯಾವುದೇ ವೆಬ್‌ಸೈಟಿನ ಹೋಸ್ಟಿಂಗ್ ಖಾತೆಯೊಳಗೆ ಹಾಕಬೇಡಿ. ಆ ಸೈಟಿನ ಹಳೆಯ ಪ್ಲಗಿನ್ ಒಂದರ ಮೂಲಕ ಯಾರಾದರೂ ಒಳನುಗ್ಗಿದರೆ ಎಲ್ಲ ಡೊಮೇನ್‌ಗಳ ಚಂದಾದಾರರ ಪಟ್ಟಿಯೂ ಅವರ ಕೈ ಸೇರುತ್ತದೆ. ಸಣ್ಣದೊಂದು ಪ್ರತ್ಯೇಕ ಸರ್ವರ್, ಆಡಳಿತ ಪುಟಕ್ಕೆ ಯಾವ ಸೈಟಿಗೂ ಸೇರದ ತಟಸ್ಥ ಡೊಮೇನ್ ಮತ್ತು ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಇಷ್ಟು ಬೇಕೇ ಬೇಕು.

ಮೇಲ್ ಹೊರಹೋಗುವ ದಾರಿ ಎರಡು ಬಗೆಯದು. ಸ್ವಂತ ಸರ್ವರ್‌ನಿಂದಲೇ ನೇರವಾಗಿ ಕಳುಹಿಸಬಹುದು, ಅಥವಾ ತಂತ್ರಾಂಶ ಮಾತ್ರ ನಮ್ಮಲ್ಲಿದ್ದು ರವಾನೆಯನ್ನು ಎಸ್‌ಎಂಟಿಪಿ ಸೇವೆಯೊಂದಕ್ಕೆ ಒಪ್ಪಿಸಬಹುದು. ಅನೇಕ ಕ್ಲೌಡ್ ಸಂಸ್ಥೆಗಳು ಸರ್ವರ್‌ನಿಂದ ಹೊರಹೋಗುವ 25ನೆಯ ಪೋರ್ಟನ್ನು (ಸರ್ವರ್‌ಗಳ ನಡುವೆ ಮೇಲ್ ಸಾಗುವ ದ್ವಾರವನ್ನು) ಮುಚ್ಚಿಟ್ಟಿರುತ್ತವೆ. ರವಾನೆ ಸೇವೆಯನ್ನು 587 ಅಥವಾ 465ನೆಯ ಪೋರ್ಟ್ ಮೂಲಕ ತಲುಪಬಹುದಾದ್ದರಿಂದ ಹೊಸಬರಿಗೆ ಎರಡನೆಯ ದಾರಿಯೇ ಸುಲಭ. ನೇರವಾಗಿ ಕಳುಹಿಸುವವರು ಐಪಿ ವಿಳಾಸಕ್ಕೆ ಪಿಟಿಆರ್ ದಾಖಲೆ (ಐಪಿಯಿಂದ ಸರ್ವರ್‌ನ ಹೆಸರನ್ನು ತಿಳಿಸುವ ದಾಖಲೆ) ಹಾಕಿಸಿ, ಅದರಲ್ಲಿರುವ ಹೆಸರು ಮತ್ತೆ ಅದೇ ಐಪಿಗೆ ತೋರಿಸುವಂತೆ ನೋಡಿಕೊಳ್ಳಬೇಕು. ಪ್ರತಿ ಡೊಮೇನ್‌ಗೂ ಒಂದೊಂದು ಪಿಟಿಆರ್ ಬೇಕೆಂದು ಬಹಳ ಜನ ಭಾವಿಸುತ್ತಾರೆ. ಬೇಕಿಲ್ಲ. ಅದು ಸರ್ವರ್‌ನ ಹೆಸರೇ ಹೊರತು ಪತ್ರದ ಮೇಲಿನ ಹೆಸರಲ್ಲ.

ಪ್ರತಿ ಡೊಮೇನ್‌ನ ಡಿಎನ್‌ಎಸ್ ದಾಖಲೆಗಳು

ಡೊಮೇನ್ ಹೆಸರಿನ ಬಗ್ಗೆ ಎಲ್ಲರೂ ಓದಬಹುದಾದ ಮಾಹಿತಿಯನ್ನು ಡಿಎನ್‌ಎಸ್‌ನಲ್ಲಿ ಬರೆದಿಡಲಾಗುತ್ತದೆ. ನಾನು ಎರಡನೆಯ ಡೊಮೇನ್ ಸೇರಿಸಿದ ಮೊದಲ ಬಾರಿ, ಕಳುಹಿಸುವವರ ವಿಳಾಸವನ್ನು ಬದಲಾಯಿಸಿ ಕೆಲಸ ಮುಗಿಯಿತೆಂದುಕೊಂಡೆ. ಪರೀಕ್ಷೆಗೆಂದು ನನ್ನದೇ ಇನ್ನೊಂದು ಅಂಚೆಪೆಟ್ಟಿಗೆಗೆ ಕಳುಹಿಸಿದ ಮೇಲ್ ನೇರವಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಬಿತ್ತು. ಅದರ ಮೂಲ ರೂಪವನ್ನು ತೆರೆದು ಹೆಡರ್‌ಗಳನ್ನು ಓದಿದಾಗ ಎಸ್‌ಪಿಎಫ್ (ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಕಳುಹಿಸಬಹುದೆಂಬ ಪಟ್ಟಿ) ಪಾಸ್, ಡಿಕೆಐಎಂ (ಮೇಲ್‌ನ ಡಿಜಿಟಲ್ ಸಹಿ) ಪಾಸ್, ಆದರೆ ಡಿಮಾರ್ಕ್ (ಇವೆರಡನ್ನೂ “ಇಂದ” ವಿಳಾಸಕ್ಕೆ ಹೋಲಿಸಿ ನೋಡುವ ನೀತಿ) ಫೇಲ್ ಎಂದಿತ್ತು. ಎರಡು ಪರೀಕ್ಷೆಗಳು ಪಾಸಾಗಿ ಮೂರನೆಯದು ಫೇಲಾದದ್ದು ಹೇಗೆಂದು ಅರ್ಥವಾಗಲು ಆ ಸಾಲುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕಾಯಿತು. ಪಾಸ್ ಎಂಬ ಪದದ ಪಕ್ಕದಲ್ಲಿದ್ದ ಡೊಮೇನ್ ಹೆಸರು ಮೊದಲನೆಯ ಸೈಟಿನದಾಗಿತ್ತು. ಸಹಿ ನಿಜವೇ ಆಗಿತ್ತು, ಆದರೆ ಪತ್ರದ ಮೇಲೆ ಹೆಸರಿದ್ದವರದಲ್ಲ. ಹೆಚ್ಚು ಡೊಮೇನ್‌ಗಳನ್ನು ನಡೆಸುವವರು ಎಡವುವ ಮುಖ್ಯ ಜಾಗ ಇದೇ ಎಂದು ನನಗನ್ನಿಸುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಸ್‌ಪಿಎಫ್ ಪರೀಕ್ಷಿಸುವುದು ಓದುಗರಿಗೆ ಕಾಣುವ “ಇಂದ” ವಿಳಾಸವನ್ನಲ್ಲ, ಬೌನ್ಸ್ ಮರಳಿ ಬರುವ ರಿಟರ್ನ್ ಪಾತ್ ವಿಳಾಸದ ಡೊಮೇನನ್ನು. ತಂತ್ರಾಂಶದಲ್ಲಿ ಒಂದೇ ಬೌನ್ಸ್ ವಿಳಾಸವಿಟ್ಟರೆ ಎಲ್ಲ ಡೊಮೇನ್‌ಗಳ ಮೇಲ್‌ಗೂ ಆ ಒಂದು ಡೊಮೇನ್‌ನ ಎಸ್‌ಪಿಎಫ್ ಅನ್ವಯವಾಗುತ್ತದೆ. ಡಿಮಾರ್ಕ್ ಕೇಳುವುದು ಹೊಂದಾಣಿಕೆಯನ್ನು: ಎಸ್‌ಪಿಎಫ್ ಅಥವಾ ಡಿಕೆಐಎಂ, ಎರಡರಲ್ಲಿ ಒಂದಾದರೂ ಪಾಸಾಗಬೇಕು ಮತ್ತು ಪಾಸಾದ ಡೊಮೇನ್ “ಇಂದ” ವಿಳಾಸದ ಡೊಮೇನ್‌ಗೆ ಹೊಂದಬೇಕು. ಸಡಿಲ ಹೊಂದಾಣಿಕೆಯಲ್ಲಿ ಉಪಡೊಮೇನ್ ಮತ್ತು ಮುಖ್ಯ ಡೊಮೇನ್ ಒಂದೇ ಮನೆಯವೆಂದು ಪರಿಗಣಿಸಲಾಗುತ್ತದೆ, ಕಟ್ಟುನಿಟ್ಟಿನದರಲ್ಲಿ ಅಕ್ಷರಶಃ ಒಂದೇ ಆಗಿರಬೇಕು. ಆದ್ದರಿಂದ ಪ್ರತಿ ಡೊಮೇನ್‌ಗೂ ಅದರದೇ ಉಪಡೊಮೇನ್‌ನಲ್ಲಿ ಬೌನ್ಸ್ ವಿಳಾಸ ಮತ್ತು ಅದರದೇ ಡಿಕೆಐಎಂ ಕೀಲಿ ಇರಲಿ. ಎರಡೂ ಹೊಂದಿದ್ದರೆ, ಮೇಲ್ ಇನ್ನೊಂದು ಪೆಟ್ಟಿಗೆಗೆ ಫಾರ್ವರ್ಡ್ ಆಗಿ ಎಸ್‌ಪಿಎಫ್ ಮುರಿದರೂ ಸಹಿ ಕೈಹಿಡಿಯುತ್ತದೆ.

ಎಸ್‌ಪಿಎಫ್ ಬರೆಯುವಾಗ ಎರಡು ನಿಯಮಗಳನ್ನು ಮರೆಯಬಾರದು. ಒಂದು ಹೆಸರಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹಳೆಯ ಸೇವೆಯ ದಾಖಲೆಯನ್ನು ಬಿಟ್ಟು ಪಕ್ಕದಲ್ಲಿ ಹೊಸದನ್ನು ಸೇರಿಸಿದರೆ ಎರಡೂ ಅಮಾನ್ಯವಾಗುತ್ತವೆ. ಹಾಗೆಯೇ ಆ ದಾಖಲೆಯನ್ನು ಬಿಡಿಸುವಾಗ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟಗಳು ಬೇಕಾಗಬಾರದು. ಕಚೇರಿಯ ಮೇಲ್, ರಸೀದಿಯ ಮೇಲ್, ಸುದ್ದಿಪತ್ರ ಎಲ್ಲವನ್ನೂ ಒಂದೇ ಹೆಸರಿನಡಿ ತುಂಬಿದಾಗ ಈ ಮಿತಿ ಬೇಗ ಮುಟ್ಟುತ್ತದೆ. ಸರಣಿ ಮೇಲ್‌ಗೆ ಉಪಡೊಮೇನ್ ಬಳಸುವುದಕ್ಕೆ ಇದೂ ಒಂದು ಕಾರಣ.

ಡಿಕೆಐಎಂ ಕೀಲಿಯನ್ನು 2048 ಬಿಟ್ ಗಾತ್ರದಲ್ಲಿ, ಡೊಮೇನಿಗೊಂದರಂತೆ ಬೇರೆಯಾಗಿ ಸೃಷ್ಟಿಸಿ. ಈ ಗಾತ್ರದ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ದಾಖಲೆಯ ಒಂದು ತುಂಡಿನ 255 ಅಕ್ಷರಗಳ ಮಿತಿಯನ್ನು ಮೀರುವುದರಿಂದ, ಕೆಲವು ಡಿಎನ್‌ಎಸ್ ಪುಟಗಳಲ್ಲಿ ಅದನ್ನು ಎರಡು ಉದ್ಧರಣ ತುಂಡುಗಳಾಗಿ ಒಡೆದು ಹಾಕಬೇಕಾಗುತ್ತದೆ. ಒಡೆಯುವಾಗ ನಡುವೆ ಒಂದು ಅಕ್ಷರ ಜಾರಿದರೂ ಸಹಿ ಫೇಲಾಗುತ್ತದೆ. ಸ್ವಂತವಾಗಿ ಸಹಿ ಮಾಡುವವರಿಗೆ ಓಪನ್‌ಡಿಕೆಐಎಂ ಎಂಬ ತಂತ್ರಾಂಶದಲ್ಲಿ ಯಾವ ಡೊಮೇನ್‌ಗೆ ಯಾವ ಕೀಲಿ ಎಂದು ಹೇಳುವ ಎರಡು ಕೋಷ್ಟಕಗಳಿವೆ. ಆರ್‌ಸ್ಪ್ಯಾಮ್‌ಡಿ ಕೂಡ ಈ ಕೆಲಸ ಮಾಡುತ್ತದೆ.

ಡಿಮಾರ್ಕ್ ನೀತಿಯನ್ನು ಆರಂಭದಲ್ಲಿ ಏನೂ ತಡೆಯದ, ವರದಿ ಮಾತ್ರ ತರಿಸುವ ಸ್ಥಿತಿಯಲ್ಲಿಟ್ಟು, ಕೆಲವು ವಾರ ವರದಿಗಳನ್ನು ಓದಿ, ನಿಮ್ಮ ಎಲ್ಲ ಮೇಲ್ ಮೂಲಗಳೂ ಹೊಂದುತ್ತಿವೆ ಎಂದು ಖಾತ್ರಿಯಾದ ಮೇಲೆ ಬಿಗಿಗೊಳಿಸಿ. ಇಲ್ಲಿ ಹಲವು ಡೊಮೇನ್‌ಗಳವರಿಗೆ ಮಾತ್ರ ಎದುರಾಗುವ ಸೂಕ್ಷ್ಮವೊಂದಿದೆ. ಎಲ್ಲ ಡೊಮೇನ್‌ಗಳ ವರದಿಗಳನ್ನೂ ಒಂದೇ ಡೊಮೇನ್‌ನ ಪೆಟ್ಟಿಗೆಗೆ ತರಿಸಬೇಕೆಂದಿದ್ದರೆ, ವರದಿ ಪಡೆಯುವ ಆ ಡೊಮೇನ್‌ನ ಡಿಎನ್‌ಎಸ್‌ನಲ್ಲಿ “ಇಂಥ ಡೊಮೇನ್‌ನ ವರದಿಗಳನ್ನು ಸ್ವೀಕರಿಸಲು ನನ್ನ ಒಪ್ಪಿಗೆ ಇದೆ” ಎಂದು ಸಾರುವ ದಾಖಲೆಯನ್ನು ಪ್ರತಿ ಡೊಮೇನ್‌ಗೂ ಹಾಕಬೇಕು. 2015ರಲ್ಲಿ ಪ್ರಕಟವಾದ, ಡಿಮಾರ್ಕ್ ಅನ್ನು ವಿವರಿಸುವ ತಾಂತ್ರಿಕ ಪತ್ರವಾದ ಆರ್‌ಎಫ್‌ಸಿ 7489ರಲ್ಲಿಯೇ ಈ ನಿಯಮವಿದೆ. ಆ ದಾಖಲೆ ಇಲ್ಲದಿದ್ದರೆ ದೋಷದ ಸೂಚನೆಯೇನೂ ಬರುವುದಿಲ್ಲ, ವರದಿಗಳು ಬಾರದೇ ಇರುತ್ತವೆ ಅಷ್ಟೆ.

ಲಿಂಕ್‌ಗಳು ಮತ್ತು ಹೊರನಡೆಯುವ ದಾರಿ

ಬಹಳಷ್ಟು ತಂತ್ರಾಂಶಗಳು ತಮ್ಮ ಸ್ಥಾಪನೆಯ ವಿಳಾಸವನ್ನೇ ಎಲ್ಲ ಲಿಂಕ್‌ಗಳಿಗೂ ಅಂಟಿಸುತ್ತವೆ. ತೋಟದ ಸೈಟಿನ ಪತ್ರದಲ್ಲಿ ಲಿಂಕ್ ಮೇಲೆ ಬೆರಳಿಟ್ಟಾಗ ಅಪರಿಚಿತ ಡೊಮೇನ್ ಕಂಡರೆ ಎಚ್ಚರದ ಓದುಗರು ಒತ್ತುವುದಿಲ್ಲ. ಪ್ರತಿ ಡೊಮೇನ್‌ನಲ್ಲೂ ಲಿಂಕ್‌ಗಳಿಗೆಂದೇ ಒಂದು ಉಪಡೊಮೇನ್ ಮಾಡಿ, ಅದನ್ನು ಸಿನೇಮ್ ದಾಖಲೆಯಿಂದ ನಿಮ್ಮ ಸರ್ವರ್‌ಗೆ ತೋರಿಸಿ, ಎನ್‌ಜಿನ್‌ಎಕ್ಸ್‌ನಂಥ ವೆಬ್ ಸರ್ವರ್‌ನಲ್ಲಿ ಆ ಹೆಸರುಗಳನ್ನೆಲ್ಲ ಸೇರಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ತಾವಾಗಿ ನವೀಕರಣವಾಗುವಂತೆ ಹೊಂದಿಸಿ. ಪಟ್ಟಿಗೊಂದು ಲಿಂಕ್ ಡೊಮೇನ್ ಇಡಲು ತಂತ್ರಾಂಶ ಬಿಡದಿದ್ದರೆ, ಕ್ಲಿಕ್ ಲೆಕ್ಕ ಇಡುವ ಸೌಲಭ್ಯವನ್ನೇ ನಿಲ್ಲಿಸಿ ಸೈಟಿನ ನೇರ ಲಿಂಕ್ ಕೊಡುವುದು ಮೇಲು. ಎಷ್ಟು ಜನ ಒತ್ತಿದರೆಂಬ ಅಂಕಿಗಿಂತ ಓದುಗರ ನಂಬಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ಚಂದಾ ರದ್ದತಿಗೆ ಪತ್ರದ ಅಡಿಯ ಲಿಂಕ್ ಒಂದೇ ಸಾಲದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಹೊಸ ನಿಯಮಗಳನ್ನು ಜಾರಿಗೆ ತಂದಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ದ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಹೊಂದಿರಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಶೇ. 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು, ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ರದ್ದಾಗುವ ಹೆಡರ್ ಇರಬೇಕು, ಬಂದ ಕೋರಿಕೆಯನ್ನು ಎರಡು ದಿನಗಳೊಳಗೆ ಜಾರಿಗೊಳಿಸಬೇಕು. ಉಪಡೊಮೇನ್‌ಗಳ ಮೇಲ್ ಕೂಡ ಮುಖ್ಯ ಡೊಮೇನ್‌ನ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯಿದ್ದರೂ ಇವನ್ನು ಮೊದಲ ದಿನದಿಂದಲೇ ಪಾಲಿಸಿ.

ತಡೆಪಟ್ಟಿಯ ವಿಷಯದಲ್ಲಿ ನಾನು ಪಾಲಿಸುವ ಕ್ರಮ ಹೀಗಿದೆ. ಒಬ್ಬರು ಒಂದು ಸೈಟಿನ ಚಂದಾ ರದ್ದು ಮಾಡಿದರೆ ಆ ಸೈಟಿಗೆ ಮಾತ್ರ ಅನ್ವಯಿಸುತ್ತೇನೆ, ಪಕ್ಕದಲ್ಲೇ “ನಮ್ಮ ಎಲ್ಲ ಸೈಟ್‌ಗಳಿಂದಲೂ ನಿಲ್ಲಿಸಿ” ಎಂಬ ಆಯ್ಕೆಯನ್ನೂ ಕೊಡುತ್ತೇನೆ. ವಿಳಾಸವೇ ಇಲ್ಲವೆಂದು 550 ಸಂಕೇತದೊಡನೆ ಮರಳಿ ಬಂದರೆ ಎಲ್ಲ ಡೊಮೇನ್‌ಗಳಲ್ಲೂ ಒಮ್ಮೆಗೇ ತಡೆಯುತ್ತೇನೆ, ಏಕೆಂದರೆ ಸತ್ತ ವಿಳಾಸ ಯಾರು ಬರೆದರೂ ಸತ್ತದ್ದೇ. ನಾಲ್ಕರಿಂದ ಶುರುವಾಗುವ ಸಂಕೇತಗಳು ತಾತ್ಕಾಲಿಕ ತೊಂದರೆಯವು. ಅವುಗಳಿಗೆ ಮರುಪ್ರಯತ್ನ ಸಾಕು. ಸ್ಪ್ಯಾಮ್ ಎಂದು ದೂರು ಕೊಟ್ಟವರನ್ನು ಮಾತ್ರ ಯಾವ ಲೆಕ್ಕಾಚಾರವೂ ಇಲ್ಲದೆ ಎಲ್ಲ ಪಟ್ಟಿಗಳಿಂದಲೂ ತೆಗೆಯುತ್ತೇನೆ.

ಸೈಟ್‌ಗಳ ಅರ್ಜಿಗಳನ್ನು ಜೋಡಿಸುವುದು

ಪ್ರತಿ ಸೈಟಿನಲ್ಲಿರುವ ಚಂದಾ ಅರ್ಜಿಯು ಪಟ್ಟಿಯ ಸಂಖ್ಯೆಯನ್ನು ಅಡಗಿಸಿಟ್ಟ ಕ್ಷೇತ್ರದಲ್ಲಿ ಹೊತ್ತು ನೇರವಾಗಿ ಕೇಂದ್ರ ಸರ್ವರ್‌ಗೆ ಹೋಗುವುದು ಸುಲಭದ ವಿಧಾನ. ಆದರೆ ಆ ಸಂಖ್ಯೆಯನ್ನು ಯಾರು ಬೇಕಾದರೂ ಬದಲಾಯಿಸಬಹುದು, ಬಾಟ್‌ಗಳು ಯಾರದೋ ವಿಳಾಸವನ್ನು ನಿಮ್ಮ ಎಲ್ಲ ಪಟ್ಟಿಗಳಿಗೂ ತುಂಬಬಹುದು. ಅರ್ಜಿ ಮೊದಲು ಆಯಾ ಸೈಟಿನ ಸರ್ವರ್‌ಗೆ ಹೋಗಿ, ಅಲ್ಲಿಂದ ಆ ಸೈಟಿಗೆಂದೇ ಕೊಟ್ಟ ಎಪಿಐ ಕೀಲಿಯೊಡನೆ ಕೇಂದ್ರಕ್ಕೆ ತಲುಪುವಂತೆ ಮಾಡಿದರೆ ಯಾವ ವಿಳಾಸ ಯಾವ ಸೈಟಿನಿಂದ ಬಂತು ಎಂಬುದು ನಿಶ್ಚಿತವಾಗಿರುತ್ತದೆ. ಸೈಟಿನ ಹೆಸರು, ಸಮಯ, ಐಪಿ ವಿಳಾಸ ಮತ್ತು ಆಗ ತೋರಿಸಿದ ಒಪ್ಪಿಗೆಯ ವಾಕ್ಯ ಇಷ್ಟನ್ನು ದಾಖಲಿಸಿಡಿ.

ದೃಢೀಕರಣದ ಮೇಲ್ ಕಡ್ಡಾಯವಾಗಿರಲಿ, ಮತ್ತು ಅದೂ ಆಯಾ ಸೈಟಿನ ಹೆಸರಿನಲ್ಲೇ ಹೋಗಲಿ. ಕೆಲವು ಸಂಸ್ಥೆಗಳ ಭದ್ರತಾ ತಂತ್ರಾಂಶಗಳು ಒಳಬರುವ ಮೇಲ್‌ನ ಲಿಂಕ್‌ಗಳನ್ನೆಲ್ಲ ತಾವೇ ತೆರೆದು ನೋಡುವುದರಿಂದ, ಲಿಂಕ್ ತೆರೆದೊಡನೆ ದೃಢೀಕರಿಸುವ ಬದಲು ತೆರೆದ ಪುಟದಲ್ಲಿ ಒಂದು ಬಟನ್ ಒತ್ತಿಸುವುದು ಸುರಕ್ಷಿತ. ಸರಣಿಯ ದಿನಗಳ ಎಣಿಕೆ ಅರ್ಜಿ ತುಂಬಿದ ಕ್ಷಣದಿಂದಲ್ಲ, ದೃಢೀಕರಿಸಿದ ಕ್ಷಣದಿಂದ ಶುರುವಾಗಬೇಕು. ಇಲ್ಲದಿದ್ದರೆ ನಾಲ್ಕು ದಿನ ತಡವಾಗಿ ದೃಢೀಕರಿಸಿದವರಿಗೆ ಮೊದಲ ಎರಡು ಪತ್ರಗಳು ಒಟ್ಟಿಗೆ ಹೋಗುವ ಸಾಧ್ಯತೆ ಇದೆ.

ಸರಣಿಯನ್ನು ನಡೆಸುವ ಕ್ರಾನ್

ಸರಣಿಯ ಮೇಲ್‌ಗಳನ್ನು ಸಾಮಾನ್ಯವಾಗಿ ಕ್ರಾನ್ ಕೆಲಸವೊಂದು ನಿಗದಿತ ಅಂತರದಲ್ಲಿ ಎತ್ತಿ ಕಳುಹಿಸುತ್ತದೆ. ಡೊಮೇನ್ ಒಂದೇ ಇದ್ದಾಗ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತಿದ್ದ ಕೆಲಸ ನಾಲ್ಕು ಡೊಮೇನ್‌ಗಳಾದಾಗ ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ನನ್ನ ಸರ್ವರ್‌ನಲ್ಲಿ ಅದು ನಿಮಿಷಕ್ಕೊಮ್ಮೆ ಶುರುವಾಗುತ್ತಿತ್ತು. ಹಿಂದಿನದು ಮುಗಿಯುವ ಮೊದಲೇ ಮುಂದಿನದು ಅದೇ ಸರದಿಯನ್ನು ಓದಿ, ಒಬ್ಬ ಚಂದಾದಾರರಿಗೆ ಒಂದೇ ಸ್ವಾಗತ ಪತ್ರ ಮೂರು ಸಲ ಹೋಯಿತು. ಅವರು ಬರೆದು ತಿಳಿಸಿದ್ದರಿಂದಲೇ ನನಗೆ ಗೊತ್ತಾಯಿತು. ಲಿನಕ್ಸ್‌ನ ಎಫ್‌ಲಾಕ್ ಆಜ್ಞೆಯಿಂದ ಕೆಲಸಕ್ಕೆ ಬೀಗ ಹಾಕಿದರೆ ಒಂದು ನಡೆಯುತ್ತಿರುವಾಗ ಇನ್ನೊಂದು ಆರಂಭವಾಗುವುದಿಲ್ಲ. ಇದರೊಡನೆ, ಒಂದು ಸೈಟಿನ ದೊಡ್ಡ ಪ್ರಕಟಣೆಯ ಹಿಂದೆ ಇನ್ನೊಂದು ಸೈಟಿನ ಸ್ವಾಗತ ಪತ್ರ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲದಂತೆ, ಸರಣಿಗೂ ಪ್ರಕಟಣೆಗೂ ಬೇರೆ ಬೇರೆ ಸರದಿಗಳನ್ನಿಡಿ.

ಹೊಸ ಐಪಿ ಅಥವಾ ಹೊಸ ಡೊಮೇನ್‌ನಿಂದ ಮೊದಲ ದಿನವೇ ಇಡೀ ಪಟ್ಟಿಗೆ ಕಳುಹಿಸಬೇಡಿ. ಇತ್ತೀಚೆಗೆ ಮೇಲ್ ತೆರೆದವರಿಂದ ಸಣ್ಣ ಸಂಖ್ಯೆಯಲ್ಲಿ ಆರಂಭಿಸಿ, ಬೌನ್ಸ್ ಮತ್ತು ದೂರುಗಳನ್ನು ನೋಡುತ್ತ ವಾರಗಳ ಅವಧಿಯಲ್ಲಿ ಏರಿಸಿ. ಜಿಮೇಲ್‌ನಲ್ಲಿ ನಿಮ್ಮ ಮೇಲ್‌ಗಳ ಸ್ಥಿತಿ ತೋರಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಪ್ರತಿ ಡೊಮೇನನ್ನೂ ಬೇರೆಯಾಗಿ ಸೇರಿಸಿಕೊಳ್ಳಬೇಕು.

ಇನ್ನು ತಕ್ಷಣದ ಉತ್ತರದ ವಿಷಯ. ಒಂದೇ ಸರ್ವರ್‌ನಲ್ಲಿರುವ ಎರಡು ಡೊಮೇನ್‌ಗಳ ಪೆಟ್ಟಿಗೆಗಳೂ ತಾನಾಗಿ ಉತ್ತರಿಸುವಂತಿದ್ದು, ಒಂದರಿಂದ ಇನ್ನೊಂದಕ್ಕೆ ಒಂದು ಮೇಲ್ ಹೋದರೆ, ಅವು ಪರಸ್ಪರ ಉತ್ತರಿಸುತ್ತಲೇ ಇರುತ್ತವೆ. ಬೆಳಗಾಗುವಷ್ಟರಲ್ಲಿ ಸಾವಿರಾರು ಮೇಲ್ ಸೇರಿರಬಹುದು. 2004ರ ಆರ್‌ಎಫ್‌ಸಿ 3834 ಇದಕ್ಕೆ ಸ್ಪಷ್ಟ ಕ್ರಮ ಹೇಳಿದೆ: ಹೊರಹೋಗುವ ಉತ್ತರದಲ್ಲಿ ಆಟೋ-ಸಬ್ಮಿಟೆಡ್ ಹೆಡರ್ ಹಾಕಬೇಕು, ಆ ಹೆಡರ್ ಹೊತ್ತು ತಾನಾಗಿ ಬಂದ ಮೇಲ್‌ಗೂ ಖಾಲಿ ರಿಟರ್ನ್ ಪಾತ್ ಇರುವ ಮೇಲ್‌ಗೂ ಉತ್ತರಿಸಬಾರದು, ಒಬ್ಬರಿಗೇ ಮತ್ತೆ ಮತ್ತೆ ಅದೇ ಉತ್ತರ ಹೋಗದಂತೆ ಮಿತಿ ಇಡಬೇಕು.

ಬ್ಯಾಕಪ್, ಮತ್ತು ಡೊಮೇನನ್ನು ಕೈಬಿಡುವುದು

ಡೇಟಾಬೇಸ್, ಡಿಕೆಐಎಂನ ಖಾಸಗಿ ಕೀಲಿಗಳು ಮತ್ತು ತಂತ್ರಾಂಶದ ಸೆಟ್ಟಿಂಗ್‌ಗಳು ಮೂರರ ಬ್ಯಾಕಪ್ ಬೇಕು. ಮೂರು ದಿನ ಹಳೆಯ ಬ್ಯಾಕಪ್‌ನಿಂದ ಪಟ್ಟಿಯನ್ನು ಮರಳಿ ತಂದರೆ ಆ ಮೂರು ದಿನಗಳಲ್ಲಿ ಚಂದಾ ರದ್ದು ಮಾಡಿದವರೆಲ್ಲ ಮತ್ತೆ ಚಂದಾದಾರರಾಗಿ ಎದ್ದು ನಿಲ್ಲುತ್ತಾರೆ. ಆದ್ದರಿಂದ ರದ್ದತಿಗಳನ್ನು ಡೇಟಾಬೇಸ್‌ನ ಹೊರಗೆ, ಸರಳವಾದ ಲಾಗ್ ಫೈಲ್‌ನಲ್ಲಿಯೂ ಬರೆದಿಟ್ಟು, ಆಗಾಗ ಬೇರೊಂದು ಯಂತ್ರಕ್ಕೆ ನಕಲಿಸಿ. ಪಟ್ಟಿ ಮರಳಿ ಬಂದ ಮೇಲೆ, ಕ್ರಾನ್ ಆರಂಭಿಸುವ ಮೊದಲು, ಆ ಲಾಗನ್ನು ಮತ್ತೊಮ್ಮೆ ಅನ್ವಯಿಸಿ.

ಒಂದು ಸೈಟನ್ನು ಮುಚ್ಚುವ ದಿನ ಬಂದರೆ ಮೊದಲು ಅದರ ಸರಣಿಗಳನ್ನು ನಿಲ್ಲಿಸಿ, ಆದರೆ ರದ್ದತಿ ಪುಟವನ್ನು ಕೂಡಲೇ ತೆಗೆಯಬೇಡಿ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾನೂನು ಪ್ರಚಾರದ ಮೇಲ್ ಕಳುಹಿಸಿದ ನಂತರ ಕನಿಷ್ಠ 30 ದಿನ ರದ್ದತಿಯ ವ್ಯವಸ್ಥೆ ಕೆಲಸ ಮಾಡುತ್ತಿರಬೇಕು ಎನ್ನುತ್ತದೆ. ಆ ಕಾನೂನು ನಿಮಗೆ ಅನ್ವಯಿಸದಿದ್ದರೂ ಅದು ಒಳ್ಳೆಯ ಅಳತೆ. ಡೊಮೇನ್‌ನ ನೋಂದಣಿಯನ್ನು ಇನ್ನೊಂದು ವರ್ಷವಾದರೂ ಉಳಿಸಿಕೊಳ್ಳಿ. ನೀವು ಬಿಟ್ಟ ಹೆಸರನ್ನು ಇನ್ನೊಬ್ಬರು ಕೊಂಡರೆ, ನಿಮ್ಮ ಹಳೆಯ ಪತ್ರಗಳಿಗೆ ಜನ ಬರೆಯುವ ಉತ್ತರಗಳು ಅವರ ಪೆಟ್ಟಿಗೆಗೆ ಹೋಗುತ್ತವೆ, ಹಳೆಯ ಲಿಂಕ್‌ಗಳು ಅವರ ಪುಟಗಳನ್ನು ತೆರೆಯುತ್ತವೆ. ಆ ಅವಧಿಯಲ್ಲಿ ಡೊಮೇನ್‌ನ ಡಿಮಾರ್ಕ್ ನೀತಿಯನ್ನು ಪೂರ್ಣ ತಿರಸ್ಕಾರಕ್ಕೆ ಏರಿಸಿ, ಎಸ್‌ಪಿಎಫ್‌ನಲ್ಲಿ ಯಾವ ಸರ್ವರ್‌ಗೂ ಅನುಮತಿ ಇಲ್ಲವೆಂದು ಬರೆದು, ಡಿಕೆಐಎಂ ಕೀಲಿಯನ್ನು ಡಿಎನ್‌ಎಸ್‌ನಿಂದಲೂ ಸರ್ವರ್‌ನಿಂದಲೂ ಅಳಿಸಿ, ಕೊನೆಯಲ್ಲಿ ಆ ಸೈಟಿನ ಚಂದಾದಾರರ ದಾಖಲೆಗಳನ್ನು ಬ್ಯಾಕಪ್‌ಗಳಿಂದಲೂ ತೆಗೆದುಹಾಕಿ.